ಪಕ್ಕೆಯಿಂದ ಕಂಡ ಹೊಳೆ

ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಬಂಡೆಯ ಮೇಲೆ ಕುಕ್ಕುರುಗಾಲಲ್ಲಿ ಕೂತು ಕೆಳಗೆ ನೋಡಿದರೆ ಮೀನು ಕಾಣುವುದಿಲ್ಲ, ಮೀನಿನ ಬೆನ್ನು ಕಾಣುತ್ತದೆ. ಎಳ್ಳಮಾವಾಸ್ಯೆ ಜಾತ್ರೆಯ ಹೊತ್ತಿಗೆ ಹೊಳೆಯ ಕೆಂಪೆಲ್ಲ ಇಳಿದು ನೀರು ತಿಳಿಯಾಗಿರುತ್ತದೆ. ಹಾಗಿದ್ದರೂ ಕಲ್ಲು ಯಾವುದು, ಕಲ್ಲಿನ ನೆರಳು ಯಾವುದು, ಮೀನು ಯಾವುದು ಎಂದು ಕಣ್ಣು ತಡವರಿಸುತ್ತದೆ. ಪಾಚಿ ಮೆತ್ತಿದ ಬಂಡೆಯ ಬಣ್ಣದ್ದೇ ಬೆನ್ನು. ನೆರಳು ಅಲುಗಿದಂತಾಯಿತು ಅಂದುಕೊಳ್ಳುವಷ್ಟರಲ್ಲಿ ಅದು ಅಲ್ಲಿಲ್ಲ. ಎಲ್ಲೋ ಅಪರೂಪಕ್ಕೆ ಒಂದು ಮೀನು ಕಲ್ಲಿಗೆ ಮೈ ತಿಕ್ಕಲು ಮಗ್ಗುಲಾಗುತ್ತದೆ. ಆ ಅರೆಗಳಿಗೆಯಲ್ಲಿ ನೀರಿನೊಳಗೆ ಯಾರೋ ಕನ್ನಡಿ ತಿರುಗಿಸಿದ ಹಾಗೆ ಬೆಳ್ಳಗೆ ಮಿಂಚಿ ಆರಿಹೋಗುತ್ತದೆ.

ಮೀನಿನ ಬಣ್ಣವೆಲ್ಲ ಇರುವುದು ಆ ಮಗ್ಗುಲಲ್ಲಿ. ಮೇಲಿಂದ ಎರಗುವ ಮಿಂಚುಳ್ಳಿಗೆ ತಳದ ಕತ್ತಲೆಯಂತೆ ಕಾಣಲಿ ಎಂದು ಬೆನ್ನು ಕಪ್ಪು. ಕೆಳಗಿನಿಂದ ಬಾಯಿ ಕಳೆದು ಬರುವ ದೊಡ್ಡ ಮೀನಿಗೆ ಆಕಾಶದ ಬೆಳಕಿನಂತೆ ಕಾಣಲಿ ಎಂದು ಹೊಟ್ಟೆ ಬಿಳಿ. ಗೆರೆ, ಪಟ್ಟೆ, ಚುಕ್ಕೆ, ಕೆಂಪು, ಹಳದಿ ಮುಂತಾದ ಒಡವೆಗಳನ್ನು ಅದು ತೊಡುವುದು ಜೊತೆಯಲ್ಲಿ ಈಜುವವರಿಗಾಗಿ, ಪಕ್ಕೆಯ ಮೇಲೆ. ನಮ್ಮ ಕಡೆ ಹಲವು ಸಣ್ಣ ಹೊಳೆಮೀನುಗಳಿಗೆ ‘ಪಕ್ಕೆ’ ಎಂದೇ ಹೆಸರಿದೆ. ಯಾರಿಟ್ಟರೋ, ಬಲೆಯಿಂದ ಬಿಡಿಸಿ ಅಂಗೈಯಲ್ಲಿ ಮಲಗಿಸಿ ನೋಡಿದವರೇ ಇರಬೇಕು. ದಡದಲ್ಲಿ ಕೂತವರಿಗೆ ಆ ಹೆಸರು ಹೊಳೆಯುವುದಿಲ್ಲ.

ಮೀನಿನ ಮಗ್ಗುಲನ್ನು ನಾನು ಮೊದಲು ಸರಿಯಾಗಿ ನೋಡಿದ್ದು ತುಂಗೆಯಿಂದ ಮುನ್ನೂರು ಕಿಲೋಮೀಟರು ಈಚೆಗೆ, ಬೆಂಗಳೂರಿನ ಒಂದು ಮೀನಿನ ಅಂಗಡಿಯಲ್ಲಿ. ಗೋಡೆಯುದ್ದಕ್ಕೂ ಗಾಜಿನ ಪೆಟ್ಟಿಗೆಗಳು, ಒಂದೊಂದರಲ್ಲೂ ನೀಲಿ ದೀಪ, ಗುಳುಗುಳು ಗಾಳಿಗುಳ್ಳೆ. ಹೊಟ್ಟೆ ಉಬ್ಬಿದ ಗೋಲ್ಡ್ ಫಿಶ್ಶುಗಳು ಮದುವೆಮನೆ ಯಜಮಾನರಂತೆ ಓಲಾಡುತ್ತಿದ್ದವು. ಮೂಲೆಯ ಪೆಟ್ಟಿಗೆಯಲ್ಲಿ, ಮುರಿದ ಹೂಕುಂಡದ ಕೆಳಗೆ, ಬೆರಳುದ್ದದ ನಾಲ್ಕು ಮೀನು ಒಂದರ ಮೇಲೊಂದು ಒತ್ತರಿಸಿಕೊಂಡಿದ್ದವು. ಮಾಸಲು ಹಳದಿ ಮೈ. ಅದರ ತುಂಬ ಮೂತಿಯಿಂದ ಬಾಲದವರೆಗೆ ಸಣ್ಣ ಕುಂಚದಲ್ಲಿ ಎಳೆದಂಥ ಒತ್ತೊತ್ತಾದ ಕಂದು ಅಡ್ಡಗೆರೆ. ಬಾಯಿ ಸುತ್ತ ಪುಟ್ಟ ಮೀಸೆ.

‘ಜೀಬ್ರಾ ಲೋಚ್ ಸಾರ್. ಇಂಪೋರ್ಟೆಡ್ ಐಟಂ,’ ಅಂದ ಅಂಗಡಿಯ ಹುಡುಗ.

ಮನೆಗೆ ತಂದ ಮೇಲೆ ಪುಸ್ತಕ ತಿರುವಿ ನೋಡಿದೆ. ಬೋಟಿಯಾ ಸ್ಟ್ರಿಯೇಟಾ. ಇದನ್ನು ಮೊದಲು ವಿವರಿಸಿದ್ದು 1920ರಲ್ಲಿ. ಮಾದರಿ ಸಿಕ್ಕ ಜಾಗ ತುಂಗಾ ನದಿ, ತೀರ್ಥಹಳ್ಳಿ. ನಾನು ಕುಕ್ಕುರುಗಾಲಲ್ಲಿ ಕೂತು ಏನೂ ಕಾಣುವುದಿಲ್ಲ ಎಂದು ಎದ್ದು ಬಂದ ಅದೇ ಹೊಳೆ.

ವಿವರಿಸಿದವರು ಲಂಡನ್ನಿನ ಸಾಹೇಬರೂ ಅಲ್ಲ. ಸಿ. ಆರ್. ನಾರಾಯಣ ರಾವ್, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಿದ್ದ ಮೇಷ್ಟ್ರು. ಮುಂದೆ 1932ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರಾದವರು. ಅವರಿಗೆ ಮೀನಿಗಿಂತ ಕಪ್ಪೆಯ ಹುಚ್ಚು ಹೆಚ್ಚು. ಮಳೆಗಾಲದ ರಾತ್ರಿ ಮಲೆನಾಡಿನ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಪುಟಾಣಿ ಕಪ್ಪೆಗಳ ಕುಲವೊಂದಕ್ಕೆ 2010ರಲ್ಲಿ ಅವರ ನೆನಪಿಗೆ ‘ರಾವೊರ್ಕೆಸ್ಟಿಸ್’ ಎಂದು ಹೆಸರಿಟ್ಟರು. ಕೊಡಗಿನ ಕಾವೇರಿಯಲ್ಲಿ ಸಿಕ್ಕ ಒಂದು ಪಕ್ಕೆಗೂ 1937ರಲ್ಲಿ ಮೀನುತಜ್ಞ ಸುಂದರ್ ಲಾಲ್ ಹೋರಾ ಈ ಮೇಷ್ಟ್ರ ಹೆಸರನ್ನೇ ಕೊಟ್ಟು ‘ನಾರಾಯಣಿ’ ಎಂದರು. ತಮಾಷೆಯೆಂದರೆ, ಇವತ್ತು ಅಂಗಡಿಗಳಲ್ಲಿ ‘ನಾರಾಯಣ್ ಬಾರ್ಬ್’ ಎಂದು ಮಾರುವುದು ಸಾಮಾನ್ಯವಾಗಿ ಆ ಮೀನನ್ನಲ್ಲ. ಗೋವಾ ಮತ್ತು ನಮ್ಮ ಕರಾವಳಿ ಕಡೆಯ ತೊರೆಗಳ ಇನ್ನೊಂದನ್ನು. ಅದಕ್ಕೆ 1992ರಲ್ಲಿ ಬೇರೆಯೇ ಹೆಸರು ಬಿದ್ದಿದೆ. ಮೇಷ್ಟ್ರ ಹೆಸರು ಮಾತ್ರ ಅಂಗಡಿಯ ಚೀಟಿಯಿಂದ ಅಳಿಯಲಿಲ್ಲ.

ನಾನು ಕೊಂಡ ತೊಟ್ಟಿ ಮೂರಡಿ ಉದ್ದ, ಒಂದಡಿ ಅಗಲ, ಒಂದೂವರೆ ಅಡಿ ಎತ್ತರದ್ದು. ನೂರಿಪ್ಪತ್ತು ಲೀಟರಿನ ಹತ್ತಿರ ನೀರು ಹಿಡಿಯುತ್ತದೆ. ಲೋಚ್ ತರುವ ಮುಂಚೆ, ಮೊದಲನೆಯ ಸಲ ಅದನ್ನು ತುಂಬಿಸಿ, ಬಣ್ಣದ ಕಲ್ಲು ಸುರಿದು, ಅದೇ ದಿನ ಸಂಜೆ ಮೀನು ಬಿಟ್ಟಿದ್ದೆ. ವಾರದೊಳಗೆ ಒಂದೊಂದೇ ತೇಲಿದವು. ನೀರು ಕಣ್ಣಿಗೆ ಗಾಜಿನಷ್ಟು ತಿಳಿಯಾಗಿತ್ತು, ಅದೇ ಮೋಸ. ಮೀನು ಹಾಕುವ ಕೊಳೆಯಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ನೈಟ್ರೈಟಾಗಿ, ನೈಟ್ರೈಟನ್ನು ನೈಟ್ರೇಟಾಗಿ ಮುರಿಯುವ ಸೂಕ್ಷ್ಮಜೀವಿಗಳು ಕಲ್ಲು, ಮರಳು, ಸ್ಪಂಜಿನ ಸಂದುಗಳಲ್ಲಿ ನೆಲೆಯೂರಲು ನಾಲ್ಕೈದು ವಾರ ಬೇಕು. ಅಲ್ಲಿಯವರೆಗೆ ತೊಟ್ಟಿ ಬರೀ ನೀರು, ಹೊಳೆಯಲ್ಲ. ಆಮೇಲೆ ಬುದ್ಧಿ ಬಂತು. ಗೆಳೆಯನ ಮನೆಯ ಹಳೇ ತೊಟ್ಟಿಯ ಸ್ಪಂಜನ್ನು ನನ್ನ ನೀರಿನಲ್ಲಿ ಹಿಂಡಿದೆ. ಕಂದು ರಾಡಿ. ಹೆಂಡತಿ ಮೂಗು ಮುಚ್ಚಿಕೊಂಡಳು. ‘ಹೆಪ್ಪು ಹಾಕ್ತಿದೀನಿ,’ ಅಂದೆ. ಅದಕ್ಕಿಂತ ಸರಿಯಾದ ಮಾತು ನನಗೆ ಇವತ್ತಿಗೂ ಸಿಕ್ಕಿಲ್ಲ.

ಬಣ್ಣದ ಕಲ್ಲು ತೆಗೆದು ಹೊಳೆಮರಳು ಹಾಸಿದೆ. ಊರಿಂದ ತಂದ ನುಣುಪು ಕಲ್ಲುಗಳನ್ನು ಚೆನ್ನಾಗಿ ತಿಕ್ಕಿ ತೊಳೆದು ಗವಿಯಂತೆ ಪೇರಿಸಿದೆ. ನಲ್ಲಿಯ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ಹಾರಿದ ಮೇಲೆ ಹೊಯ್ಯುತ್ತೇನೆ. ನಲ್ಲಿಯಲ್ಲಿ ಬರುವುದು ಕಾವೇರಿ. ತುಂಗೆಯ ಮೀನು, ತುಂಗೆಯ ಕಲ್ಲು, ಕಾವೇರಿಯ ನೀರು, ಬೆಂಗಳೂರಿನ ಕರೆಂಟು. ಕರೆಂಟು ಹೋದಾಗ ಲೋಟದಲ್ಲಿ ನೀರು ಎತ್ತಿ ಎತ್ತಿ ಹೊಯ್ಯುತ್ತ ಕೂರುವ ಜಲಪಾತ ನಾನೇ.

ಸಂಜೆ ದೀಪ ಹಾಕಿದ ಕೂಡಲೇ ಮೊದಲು ಮುಂದೆ ಬರುವವು ಪಕ್ಕೆಗಳು. ಅವುಗಳಿಗೆ ನಾಚಿಕೆಯೆಂಬುದಿಲ್ಲ. ಗಾಜಿನ ಆಚೆ ಬೆರಳು ಕಂಡರೆ ಸಾಕು, ಊಟದ ಗಂಟೆ ಹೊಡೆದ ಹಾಸ್ಟೆಲ್ಲಿನ ಹುಡುಗರ ಹಾಗೆ ನುಗ್ಗುತ್ತವೆ. ಆರು ಮೆಲನ್ ಬಾರ್ಬುಗಳಿವೆ. ಹಗಲಿನಲ್ಲಿ ಮಂಕು ಕಿತ್ತಳೆ ಮೈ, ಅದರ ಮೇಲೆ ಕಪ್ಪು ಅಡ್ಡಪಟ್ಟೆ. ಗಂಡಿಗೆ ಮದ ಬಂದ ದಿನ ಆ ಕಿತ್ತಳೆ ಕೋಕಂ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಇನ್ನೊಂದು ಗಂಡನ್ನು ಕಂಡರೆ ಎರಡೂ ಪಕ್ಕೆಗೆ ಪಕ್ಕೆ ಒಡ್ಡಿ, ರೆಕ್ಕೆ ನಿಗುರಿಸಿ, ಬುಗುರಿಯಂತೆ ಸುತ್ತುತ್ತವೆ. ಮುಟ್ಟುವುದಿಲ್ಲ, ಕಚ್ಚುವುದಿಲ್ಲ. ಯಾರ ಕೆಂಪು ಹೆಚ್ಚು ಎಂಬುದಷ್ಟೇ ಜಗಳ.

ದಕ್ಷಿಣ ಕನ್ನಡ, ಕೊಡಗು, ಕೇರಳದ ಕಾಡುತೊರೆಗಳ ಈ ಮೀನಿನ ಶಾಸ್ತ್ರೀಯ ಹೆಸರು ಹಲುದಾರಿಯಾ ಫ್ಯಾಸಿಯೇಟಾ. ಹಲುದಾರಿಯಾ ಅಂದರೆ ಲ್ಯಾಟಿನ್ ಅಲ್ಲ, ಗ್ರೀಕೂ ಅಲ್ಲ. ಹಲುದಾರ್ ಎಂಬ ಬಂಗಾಳದ ಒಬ್ಬ ತರುಣ ಚಿತ್ರಕಾರ. ಇನ್ನೂರು ವರ್ಷದ ಹಿಂದೆ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಗಂಗೆಯ ಮೀನುಗಳನ್ನು ಹಿಡಿಸಿ ಹಿಡಿಸಿ ಅವನ ಮುಂದಿಡುತ್ತಿದ್ದ. ಹಲುದಾರ್ ಬರೆಯುತ್ತಿದ್ದ. ಮೀನಿನ ಶಾಸ್ತ್ರದ ಚಿತ್ರಕ್ಕೆ ಒಂದು ಪದ್ಧತಿಯಿದೆ: ತಲೆ ಎಡಕ್ಕೆ, ಬಾಲ ಬಲಕ್ಕೆ, ಪೂರಾ ಪಕ್ಕೆ ನೋಡುವವನ ಕಡೆಗೆ. ಹುರುಪೆ ಹುರುಪೆಯನ್ನೂ ಎಣಿಸಿ ಬರೆಯುವ ಕೆಲಸ. ದಡದಲ್ಲಿ ನಿಂತು ಬೆನ್ನು ನೋಡುವ ನಮ್ಮಂಥವರಿಗೆ ಮಗ್ಗುಲು ತೋರಿಸಿದವರಲ್ಲಿ ಅವನೂ ಒಬ್ಬ. ಅವನು ಈ ಕೆಂಪು ಮೀನನ್ನು ನೋಡಿರಲಾರ, ಇದು ಅವನ ಸೀಮೆಯದಲ್ಲ. ಆದರೆ 2013ರಲ್ಲಿ ಶ್ರೀಲಂಕಾದ ಮೀನುತಜ್ಞ ರೋಹನ್ ಪೆತಿಯಗೊಡ ಈ ಕುಲಕ್ಕೆ ಹೆಸರು ಹುಡುಕುವಾಗ ಬುಕಾನನ್ನನ್ನು ಬಿಟ್ಟು ಹಲುದಾರನನ್ನು ಆರಿಸಿಕೊಂಡರು. ನನಗೆ ಇದು ಬಹಳ ಹಿಡಿಸಿತು. ಧಣಿಯ ಹೆಸರು ಎಲ್ಲೆಲ್ಲೂ ಇದ್ದೇ ಇದೆ.

ಆ ಬುಕಾನನ್ ನಮಗೆ ಅಪರಿಚಿತನೂ ಅಲ್ಲ. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಕಂಪನಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರು ಸುತ್ತಿ ರಾಗಿ, ಭತ್ತ, ಅಡಿಕೆ, ಕಬ್ಬಿಣದ ಕುಲುಮೆ ಎಲ್ಲವನ್ನೂ ಬರೆದಿಟ್ಟವನು ಇವನೇ. ಶಾಲೆಯ ಇತಿಹಾಸದ ಪಾಠದಲ್ಲಿ ಬರುವ ಬುಕಾನನ್. ಮುಂದೆ ತಾಯಿಯ ಆಸ್ತಿಯ ಜೊತೆ ಹ್ಯಾಮಿಲ್ಟನ್ ಎಂಬ ಹೆಸರೂ ಬಂತು. ಆ ಹೆಸರಿನಲ್ಲಿ 1822ರಲ್ಲಿ ಗಂಗೆಯ ಮೀನುಗಳ ಪುಸ್ತಕ ತಂದ. ಊರವರು ಹೇಳಿದ ಹೆಸರುಗಳನ್ನೇ ಬಗ್ಗಿಸಿ ಲ್ಯಾಟಿನ್ನಿನ ಅಂಗಿ ತೊಡಿಸುವುದು ಅವನ ಪದ್ಧತಿ. ರೋಹು ‘ರೋಹಿತಾ’ ಆದದ್ದು, ಕಾಟ್ಲಾ ಕಾಟ್ಲಾ ಆಗಿಯೇ ಉಳಿದದ್ದು ಹಾಗೆ.

ಅದೇ ಪುಸ್ತಕದಲ್ಲಿ, ದೊಡ್ಡ ಮೀನುಗಳ ನಡುವೆ, ಒಂದೂವರೆ ಅಂಗುಲದ ಒಂದು ಗದ್ದೆಮೀನು ಇದೆ. ನೀಲಿ, ಬಂಗಾರದ ಉದ್ದುದ್ದ ಗೆರೆ ಎಳೆದ ಡೇನಿಯೊ ರೇರಿಯೊ, ಅಂಗಡಿಯ ಜೀಬ್ರಾ ಮೀನು. ಮೀನು ಸಾಕುವ ಮಕ್ಕಳಿಗೆ ಮೊದಲು ಕೊಡಿಸುವುದು ಇದನ್ನೇ, ಏಕೆಂದರೆ ಸುಲಭಕ್ಕೆ ಸಾಯುವುದಿಲ್ಲ. ಬೆಳಗಿನ ಮೊದಲ ಬೆಳಕಿಗೆ ಮೊಟ್ಟೆ ಉದುರಿಸುತ್ತದೆ. ಮೊಟ್ಟೆ ಗಾಜಿನಷ್ಟು ಪಾರದರ್ಶಕ. ಒಳಗೆ ಹೃದಯ ಕಟ್ಟಿಕೊಂಡು ಮಿಡಿಯಲು ತೊಡಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕೂತು ನೋಡಬಹುದು. ಎರಡು ಮೂರು ದಿನಕ್ಕೆ ಮರಿ. ಈ ಗುಣವನ್ನು ಹಿಡಿದು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಜಾರ್ಜ್ ಸ್ಟ್ರೈಸಿಂಗರ್ ಅದನ್ನು ಪ್ರಯೋಗಾಲಯಕ್ಕೆ ಒಯ್ದ. 1981ರಲ್ಲಿ ಅವನ ಪ್ರಬಂಧ ಬಂದ ಮೇಲೆ ಜಗತ್ತಿನ ಪ್ರಯೋಗಾಲಯಗಳಲ್ಲಿ ಇಲಿಯ ಪಕ್ಕದಲ್ಲಿ ಇದಕ್ಕೂ ಒಂದು ಗೂಡಾಯಿತು. 2013ರಲ್ಲಿ ಇದರ ಜೀನೋಮು ಪೂರ್ತಿ ಓದಿದಾಗ, ಮನುಷ್ಯನ ಜೀನುಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಇದರಲ್ಲಿ ಸರಿಜೋಡಿ ಇದೆಯೆಂದು ಗೊತ್ತಾಯಿತು. ಬೆಂಗಳೂರಿನ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಸಂಶೋಧನಾ ಕೇಂದ್ರದಲ್ಲೂ ಸಾಲು ಸಾಲು ಡಬ್ಬಿಗಳಲ್ಲಿ ಇವು ಈಜುತ್ತಿವೆ. ಗಂಗಾಬಯಲಿನ ಗದ್ದೆಯಿಂದ ಓರೆಗಾನ್, ಅಲ್ಲಿಂದ ಜಗತ್ತೆಲ್ಲ. ಸಿಂಗಪುರದಲ್ಲಿ ಇದಕ್ಕೆ ಬೆಳಗುವ ಪ್ರೋಟೀನಿನ ಜೀನು ಸೇರಿಸಿದ್ದೂ ಆಯಿತು. ಆ ಮೀನನ್ನು 2003ರಿಂದ ಅಮೆರಿಕದ ಅಂಗಡಿಗಳಲ್ಲಿ ಮಾರುತ್ತಿದ್ದಾರೆ. ನಿಯಾನ್ ಬೋರ್ಡಿನ ಹಾಗೆ ಕಣ್ಣು ಕುಕ್ಕುತ್ತದೆ. ಹಲುದಾರನ ಕುಂಚಕ್ಕೆ ಆ ಬಣ್ಣ ಸಿಕ್ಕುತ್ತಿರಲಿಲ್ಲ, ಸಿಗದಿದ್ದದ್ದೇ ಒಳ್ಳೆಯದು.

ತೊಟ್ಟಿಯ ನಡುಮಟ್ಟದಲ್ಲಿ ಉದ್ದಕ್ಕೂ ಗಸ್ತು ಹೊಡೆಯುವ ಐದು ಮೀನುಗಳ ಗುಂಪೊಂದಿದೆ. ಬೆಳ್ಳಿಯ ಮೈ. ಮೂತಿಯಿಂದ ಬಾಲದ ಬುಡದವರೆಗೆ ಸ್ಕೇಲು ಹಿಡಿದು ಎಳೆದಂಥ ಕಪ್ಪು ಗೆರೆ. ಅದರ ಮೇಲೆ ಮೂತಿಯಿಂದ ಕಣ್ಣನ್ನು ಹಾಯ್ದು ಮೈಯ ಅರ್ಧಕ್ಕೆ ನಿಂತ ಕುಂಕುಮದ ಗೆರೆ. ಬಾಲದ ಎರಡೂ ತುದಿಗೆ ಕಪ್ಪು, ಹಳದಿ. ನೆಂಟರು ಬಂದರೆ ‘ಇದ್ಯಾವ ದೇಶದ್ದು?’ ಎಂದು ಕೇಳುವುದು ಇದನ್ನೇ. ಪಶ್ಚಿಮಘಟ್ಟದ್ದು. ಕೇರಳದ ಹೊಳೆಗಳಲ್ಲೂ ನಮ್ಮ ರಾಜ್ಯದ ದಕ್ಷಿಣದ ಅಂಚಿನಲ್ಲೂ ಬಿಟ್ಟರೆ ಭೂಮಿಯಲ್ಲಿ ಇನ್ನೆಲ್ಲೂ ಹುಟ್ಟುವುದಿಲ್ಲ. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ವಿವರಿಸಿ ಆಗಿನ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟ. ಮಲಯಾಳದಲ್ಲಿ ಇದಕ್ಕೆ ಹಳೆಯ ಹೆಸರು ‘ಚೋರಕ್ಕಣ್ಣಿ’, ನೆತ್ತರುಗಣ್ಣಿ. ಆ ಕೆಂಪು ಗೆರೆ ಕಣ್ಣಿನಿಂದ ಹನಿದ ರಕ್ತದಂತೆ ಕಂಡವರ ಮಾತು. 1997ರಲ್ಲಿ ಸಿಂಗಪುರದ ‘ಅಕ್ವಾರಾಮಾ’ ಪ್ರದರ್ಶನದಲ್ಲಿ ಹೊಸ ಮೀನುಗಳ ವಿಭಾಗದಲ್ಲಿ ಮೂರನೆಯ ಬಹುಮಾನ ಬಂತು. ನೆತ್ತರುಗಣ್ಣಿ ‘ಮಿಸ್ ಕೇರಳ’ ಆದಳು.

ಕಿರೀಟ ಭಾರವಾಯಿತು. ಯುರೋಪು, ಜಪಾನು, ಅಮೆರಿಕದಲ್ಲಿ ಬೇಡಿಕೆ ಏರಿದ ಹಾಗೆ ಬಲೆಗಳು ಹೊಳೆಯ ತಲೆಯವರೆಗೂ ಹೋದವು. ಗುಂಪಿನಲ್ಲೇ ಬದುಕುವ ಮೀನಾದ್ದರಿಂದ ಒಂದು ಮಡುವಿಗೆ ಬಲೆ ಬಿದ್ದರೆ ಇಡೀ ಗುಂಪು ಬಂತು. ಈಗ ಐಯುಸಿಎನ್ ಪಟ್ಟಿಯಲ್ಲಿ ಇದು ಅಳಿವಿನಂಚಿನದು. ತೊಟ್ಟಿಯಲ್ಲಿ ಮರಿ ಮಾಡಿಸುವ ವಿದ್ಯೆ ಕೈವಶವಾದದ್ದು ಆಮೇಲೆ. ನನ್ನ ಐದೂ ಹಾಗೆ ಹುಟ್ಟಿದವೆಂದು ಮಾರಿದವರು ಹೇಳಿದರು. ನಂಬಿದ್ದೇನೆ. ಕೇಳಿ ಕೊಳ್ಳುವ ಅಭ್ಯಾಸ ನನಗೆ ಮೊದಲಿನಿಂದಲೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ಲೋಚ್ ಕೊಂಡಾಗ ಕೇಳಿರಲಿಲ್ಲ. ಮನೆಯ ತೊಟ್ಟಿಯಲ್ಲಿ ಬೋಟಿಯಾ ಮರಿ ಮಾಡುವುದು ಅಪರೂಪದಲ್ಲಿ ಅಪರೂಪ. ಕೃಷ್ಣೆಯ ಮೇಲ್ಬಯಲಿನ ಕೆಲವೇ ಹೊಳೆಗಳಲ್ಲಿ ಉಳಿದಿರುವ, ಅದೂ ಅಳಿವಿನಂಚಿಗೆ ಬಂದಿರುವ ಮೀನು. ಅದರಲ್ಲಿ ನಾಲ್ಕು ನನ್ನ ಹಾಲಿನಲ್ಲಿ ಟೀವಿ ಪಕ್ಕ ಇವೆ. ಇಂಪೋರ್ಟೆಡ್ ಎಂದ ಹುಡುಗ ತನಗೆ ಗೊತ್ತಿಲ್ಲದೆ ಸತ್ಯವನ್ನೇ ಹೇಳಿದ್ದ. ಬೇರೆ ಸೀಮೆಯಿಂದ ಎತ್ತಿ ತಂದದ್ದೇ.

ವ್ಯಾಪಾರದ ಇನ್ನೊಂದು ಮುಖ ಇದಕ್ಕಿಂತ ಕೆಟ್ಟದು. ಗಾಜುಮೀನು ಎಂಬುದೊಂದಿದೆ, ನಮ್ಮ ಗದ್ದೆ, ಕೆರೆ, ಹಿನ್ನೀರುಗಳದ್ದು. ಮೈಯೊಳಗಿನ ಮುಳ್ಳಿನ ಕಟ್ಟು ಹೊರಗಿನಿಂದಲೇ ಕಾಣುತ್ತದೆ. ಬೆಳಕಿಗೆ ಹಿಡಿದರೆ ಅಂಚಿನಲ್ಲಿ ತೆಳು ಬಂಗಾರ. ಇಷ್ಟು ಸಾಲದೆಂದು ಸೂಜಿ ಚುಚ್ಚಿ ಮೈಗೆ ಗುಲಾಬಿ, ಹಸಿರು ಬಣ್ಣ ತುಂಬಿ ‘ಡಿಸ್ಕೋ’ ಮೀನೆಂದು ಮಾರಿದರು, ಈಗಲೂ ಅಲ್ಲಲ್ಲಿ ಮಾರುತ್ತಾರೆ. ಕೆಲವು ತಿಂಗಳಿಗೆ ಬಣ್ಣ ಇಳಿದುಹೋಗುತ್ತದೆ. ಅಷ್ಟು ದಿನ ಮೀನು ಉಳಿದಿದ್ದರೆ.

ಚಿಕ್ಕಪ್ಪಯ್ಯ ಬೆಂಗಳೂರಿಗೆ ಬಂದದ್ದು ಕಣ್ಣಿನ ಪೊರೆ ತೆಗೆಸಲು. ತುಂಗೆಯ ದಡದಲ್ಲೇ ಎಪ್ಪತ್ತು ಮಳೆಗಾಲ ಕಳೆದವರು. ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆಯಿಡಲು ಏರಿ ಬರುವ ಹತ್ಮೀನನ್ನು ಬ್ಯಾಟರಿ ಬೆಳಕಿನಲ್ಲಿ ಕತ್ತಿಯಿಂದ ಕಡಿದವರು. ಬಿದಿರಿನ ಕೂಣಿ ನೇಯ್ದು ನೀರಿನ ಸಂದಿಗೆ ಕಟ್ಟಿ, ಬೆಳಗ್ಗೆ ಬುಟ್ಟಿ ತುಂಬ ತಂದವರು. ಆಪರೇಷನ್ ಆದ ಮೂರನೆಯ ದಿನ, ಕಪ್ಪು ಕನ್ನಡಕ ಹಾಕಿಕೊಂಡೇ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಬಹಳ ಹೊತ್ತು ಮಾತಿಲ್ಲ.

‘ಎಂತದಾ ಇದು, ಪಟ್ಟೆಪಟ್ಟೆದು?’

‘ನಮ್ಮ ಹೊಳೆದೇ ಚಿಕ್ಕಪ್ಪಯ್ಯ. ತುಂಗೆದು.’

‘ಸುಮ್ನಿರು ಮಾರಾಯ. ಹೊಳೇಲಿ ನಾ ಕಾಣದ ಮೀನು ಯಾವ್ದು?’

ಆಮೇಲೆ ಕನ್ನಡಕ ಎತ್ತಿ, ಹೊಸ ಕಣ್ಣನ್ನು ಗಾಜಿನ ಹತ್ತಿರಕ್ಕೆ ತಂದು ನೋಡಿದರು. ‘ಕೂಣಿಗೆ ಬೀಳ್ತಿತ್ತು. ಸಣ್ಣದು. ಕೈಗೆ ಚುಚ್ತಿತ್ತು. ಬಿಸಾಡ್ತಿದ್ವಿ.’

ಹೆಸರೇನು ಎಂದು ಕೇಳಿದೆ. ಯೋಚಿಸಿದರು. ‘ಹೆಸ್ರು ಎಂತಕ್ಕೆ? ಸಾರಿಗೆ ಬರಲ್ಲಲ.’

ಅವರ ಮಾತಿನಲ್ಲಿ ಒಂದು ಶಾಸ್ತ್ರವಿದೆ. ತಿನ್ನುವ ಮೀನಿಗೆಲ್ಲ ಕನ್ನಡದಲ್ಲಿ ಹೆಸರಿದೆ: ಕೊರವ, ಬಾಳೆ, ಚೇಳು, ಹಾವುಮೀನು. ಒಂದು ಬೆರಳಿನಷ್ಟಿದ್ದು ಮುಳ್ಳೇ ಹೆಚ್ಚಾದವು ಎಲ್ಲ ಸೇರಿ ಸಣ್ಣಮೀನು, ಚಿಳ್ಳೆಮೀನು. ಹುರಿಯುವ ಬಾಣಲೆಯಲ್ಲಿ ಅವಕ್ಕೆ ಪ್ರತ್ಯೇಕ ಜಾತಿಯಿಲ್ಲ. ಆ ಚುಚ್ಚುವ ಮುಳ್ಳು ಮಾತ್ರ ಚಿಕ್ಕಪ್ಪಯ್ಯನಿಗೆ ಸರಿಯಾಗಿ ನೆನಪಿತ್ತು. ಬೋಟಿಯಾದ ಕಣ್ಣಿನ ಕೆಳಗೆ ಎರಡು ಮೊನೆಯ ಒಂದು ಮುಳ್ಳಿದೆ, ಚಾಕುವಿನಂತೆ ಮಡಚಿಟ್ಟುಕೊಳ್ಳುತ್ತದೆ. ಹೆದರಿದರೆ ಬಿಡಿಸುತ್ತದೆ. ಬಲೆಯಲ್ಲಿ ಎತ್ತಹೋದರೆ ಎಳೆಗೆ ಸಿಕ್ಕಿಕೊಂಡು ಒದ್ದಾಡುತ್ತದೆ. ಅದಕ್ಕೇ ನಾನು ಲೋಟದಲ್ಲಿ ಎತ್ತುತ್ತೇನೆ.

ಇವುಗಳ ದಿನಚರಿಯೇ ಬೇರೆ. ಸಂಜೆಯವರೆಗೆ ಕಲ್ಲಿನ ಗವಿಯಲ್ಲಿ ನಾಲ್ಕೂ ಒಂದೇ ರಾಶಿ. ಮಲಗುವುದೆಂದರೆ ನಿಜವಾಗಿಯೂ ಮಲಗುವುದು, ಮಗ್ಗುಲಾಗಿ, ಸತ್ತ ಹಾಗೆ. ಮೊದಲ ಸಲ ನೋಡಿದಾಗ ನಾನು ಲೋಟ ಹಿಡಿದು ಶವಸಂಸ್ಕಾರಕ್ಕೆ ಹೊರಟಿದ್ದೆ. ಮುಟ್ಟಿದೊಡನೆ ಎದ್ದು, ಇದೇನು ಉಪದ್ರವ ಎಂಬಂತೆ ಇನ್ನೊಂದು ಕಲ್ಲಿನ ಹಿಂದೆ ಹೋಗಿ ಬಿದ್ದುಕೊಂಡಿತು. ದೀಪ ಮಂಕಾದ ಮೇಲೆ ಹೊರಟು ಮರಳು ಮೂಸುತ್ತ, ಮೀಸೆಯಿಂದ ಕಲ್ಲುಗಳನ್ನು ತಡವುತ್ತ ಇಡೀ ತಳ ಸುತ್ತುತ್ತವೆ. ಗಿಡದ ಜೊತೆ ಬಂದ ಬಸವನಹುಳು ತೊಟ್ಟಿ ತುಂಬಿದ್ದ ಕಾಲದಲ್ಲಿ ಒಂದು ತಿಂಗಳಲ್ಲಿ ಖಾಲಿ ಚಿಪ್ಪು ಬಿಟ್ಟು ಏನೂ ಉಳಿಯಲಿಲ್ಲ. ಒಂಟಿಯಾಗಿ ಇಟ್ಟರೆ ಕೊರಗಿ ಮೂಲೆ ಸೇರುವ ಮೀನು, ನಾಲ್ಕಿದ್ದರೆ ಸಂಸಾರ.

ಸಂಸಾರ ಎಂದರೆ ನೆನಪಾಗುವುದು ಕರಾವಳಿಯ ಕಿತ್ತಳೆ ಕ್ರೋಮೈಡು. ನನ್ನಲ್ಲಿಲ್ಲ, ಉಡುಪಿಯ ಗೆಳೆಯರೊಬ್ಬರ ಮನೆಯಲ್ಲಿ ನೋಡಿದ್ದು. ಅಳಿವೆಯ ಸಪ್ಪೆ ಉಪ್ಪುನೀರಿನ, ಅರ್ಧ ಅಂಗೈ ಅಗಲದ ಹಳದಿ ಮೀನು. ಗಂಡು ಹೆಣ್ಣು ಇಬ್ಬರೂ ಸೇರಿ ಕಲ್ಲು ಒರೆಸುತ್ತಾರೆ, ಮೊಟ್ಟೆ ಅಂಟಿಸುತ್ತಾರೆ, ಸರದಿಯಲ್ಲಿ ಗಾಳಿ ಬೀಸುತ್ತಾರೆ. ಮರಿಗಳಾದ ಮೇಲೆ ನೂರಾರು ಕಣ್ಣುಳ್ಳ ಮೋಡವೊಂದು ಅಪ್ಪ ಅಮ್ಮನ ಮೈಗೆ ಮುತ್ತಿಕೊಳ್ಳುತ್ತದೆ. ಮೈಮೇಲಿನ ಲೋಳೆಯನ್ನೇ ಮರಿಗಳು ಕಚ್ಚಿ ಕಚ್ಚಿ ಉಣ್ಣುತ್ತವೆ. ಈ ಮನೆತನದ ಹತ್ತಿರದ ನೆಂಟರು ಇರುವುದು ಮಡಗಾಸ್ಕರಿನಲ್ಲಿ. ಭಾರತದಲ್ಲಿ ಸಹಜವಾಗಿ ಇರುವ ಸಿಕ್ಲಿಡ್‌ಗಳು ಮೂರೇ. ಕೇರಳದವರು ಬಾಳೆಲೆಯಲ್ಲಿ ಸುಟ್ಟು ತಿನ್ನುವ ಕರಿಮೀನ್ ಒಂದು, ಈ ಕಿತ್ತಳೆ ಒಂದು. ಮೂರನೆಯದರ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ಕೆನರಾ, ನಮ್ಮ ದಕ್ಷಿಣ ಕನ್ನಡ. ನೇತ್ರಾವತಿಯ ಸೀಮೆಯದ್ದು. ಬೂದುಗಪ್ಪು ಪಟ್ಟೆಗಳ ನಡುವೆ ಮುತ್ತು ಚೆಲ್ಲಿದಂಥ ಮೈ. ಹೊರದೇಶದ ಹವ್ಯಾಸಿಗಳು ಇದನ್ನು ಹುಡುಕಿ ಸಾಕುತ್ತಾರೆ. ನಮ್ಮ ಸೀಮೆಯ ಹೆಸರನ್ನೇ ಮೈಮೇಲೆ ಬರೆಸಿಕೊಂಡ ಈ ಮೀನನ್ನು ನಾನು ಬೆಂಗಳೂರಿನ ಯಾವ ಅಂಗಡಿಯಲ್ಲೂ ಕಂಡಿಲ್ಲ.

ಇನ್ನು ಗೌರಾಮಿ. ಗಂಗಾ, ಬ್ರಹ್ಮಪುತ್ರೆಯ ಜೌಗಿನ ಪುಟ್ಟ ಮೀನು, ನೀಲಿ ಕೆಂಪಿನ ಗಂಡು ಬಾಯಿಂದ ಗುಳ್ಳೆ ಉಗುಳಿ ಉಗುಳಿ ನೀರಿನ ಮೇಲೆ ನೊರೆಯ ತೊಟ್ಟಿಲು ಕಟ್ಟುತ್ತದೆ. ಮೇಲೆ ಬಂದು ಗಾಳಿ ಗುಟುಕರಿಸುವ ಅಂಗ ತಲೆಯೊಳಗಿದೆ, ಉಸಿರು ಕಟ್ಟುವ ಕೊಳೆನೀರಿನಲ್ಲೂ ಬದುಕುತ್ತದೆ. ಇದನ್ನು ಎಲ್ಲರೂ ಬಲ್ಲರು. ಆದರೆ ನಮ್ಮ ಗುಡಿಗಳ ಕೊಳ, ತೋಟದ ಬಸಿಗಾಲುವೆಗಳಲ್ಲಿ ನೀರಿನ ಚರ್ಮಕ್ಕೆ ಅಂಟಿಕೊಂಡು ತೇಲುವ ಮೀನು ಯಾರಿಗೂ ಬೇಡ. ಪ್ಯಾಂಚಾಕ್ಸ್. ನೆತ್ತಿಯ ಮೇಲೆ ಹಾಲಿನ ಹನಿ ಬಿದ್ದಂಥ ಬೆಳ್ಳಿಚುಕ್ಕೆ. ಬಗ್ಗಿ ನೋಡುವವನಿಗೆ ಮೇಲಿಂದಲೇ ಗುರುತು ಸಿಗುವ ಅಪರೂಪದ್ದು. ಸೊಳ್ಳೆಮರಿ ಅದರ ಅನ್ನ. ಹೀಗಿದ್ದೂ ಸೊಳ್ಳೆಯ ಮೇಲೆ ಯುದ್ಧಕ್ಕೆಂದು 1928ರಲ್ಲಿ ಗ್ಯಾಂಬೂಸಿಯಾವನ್ನು ಹೊರಗಿನಿಂದ ತರಿಸಿದೆವು. ಆ ಪರದೇಶಿ ಈಗ ಕೆರೆ ಕೆರೆಯಲ್ಲೂ ಇದೆ. ಸೊಳ್ಳೆಯೂ ಇದೆ.

ಚಿಕ್ಕಪ್ಪಯ್ಯ ಇದ್ದ ವಾರ ಜೂನಿನ ಮೊದಲ ಮಳೆ ಬಂತು. ಬೆಂಗಳೂರಿನ ಮಳೆ, ಗುಡುಗು ಹೆಚ್ಚು ನೀರು ಕಡಿಮೆ. ಆ ಸಂಜೆ ತೊಟ್ಟಿಯ ಕಾಲುಭಾಗ ನೀರು ತೆಗೆದು, ಸ್ವಲ್ಪ ತಣ್ಣನೆಯ ಹೊಸ ನೀರನ್ನು ಪೈಪಿನಲ್ಲಿ ಸಣ್ಣಗೆ ಬಿಟ್ಟೆ. ಗಾಜಿನೊಳಗಿನ ಮೀನಿಗೆ ಮಳೆ ಬಂದದ್ದು ಗೊತ್ತಾಗುವುದು ಹೀಗೆ. ಪೈಪಿನ ಧಾರೆಗೆ ಮೊದಲು ಮುಖ ಕೊಟ್ಟವು ಪಕ್ಕೆಗಳು. ಆರೂ ಸಾಲಾಗಿ ನೀರಿಗೆ ಎದುರು ನಿಂತವು. ಗಂಡುಗಳು ಗಳಿಗೆಯೊಳಗೆ ಕೋಕಮ್ಮಾದವು. ಒಂದು ಹೆಣ್ಣನ್ನು ಎರಡು ಗಂಡು ಪಾಚಿಯ ಗಿಡದೊಳಗೆ ಅಟ್ಟಿಕೊಂಡು ಹೋಗಿ ಮೂರೂ ಗಡಗಡ ನಡುಗಿದವು. ಎಳ್ಳಿನಂಥ ಮೊಟ್ಟೆ ಉದುರಿದವು. ಇಟ್ಟವೇ ತಿರುಗಿ ತಿನ್ನಲು ಶುರುಮಾಡಿದವು.

ಚಿಕ್ಕಪ್ಪಯ್ಯ ಕುರ್ಚಿಯಿಂದ ಅರ್ಧ ಎದ್ದಿದ್ದರು. ‘ಹತ್ಮೀನು!’ ಅಂದರು. ‘ಥೋ, ನೋಡಾ, ಹತ್ತಕ್ಕೆ ನೋಡ್ತಾವೆ. ಗಾಜಿಗೆ ಮೂತಿ ಹೊಡಕಣ್ತಾವೆ.’

ಗದ್ದೆ ಇಲ್ಲ, ಹಳ್ಳ ಇಲ್ಲ, ಮೇಲೆ ಹತ್ತಿ ಹೋಗಲು ಎಡೆಯಿಲ್ಲ. ಪೈಪು ನಿಲ್ಲಿಸಿದೆ. ಸ್ವಲ್ಪ ಹೊತ್ತು ಹುಡುಕಾಡಿ ಅವು ಮತ್ತೆ ಊಟದ ಮೂಲೆಗೆ ಬಂದವು.

ರಾತ್ರಿ ಅವರಿಗೆ ಹಾಲಿನ ದಿವಾನದ ಮೇಲೆ ಹಾಸಿಗೆ. ಕಣ್ಣಿಗೆ ಬೆಳಕು ಬೀಳಬಾರದೆಂದು ತೊಟ್ಟಿಯ ದೀಪವನ್ನೂ ಆರಿಸಿದೆ. ಪಂಪಿನ ಸಣ್ಣ ಗುಂಯ್ ಬಿಟ್ಟರೆ ಮನೆ ನಿಶ್ಶಬ್ದ. ಮಾರನೆಯ ದಿನ ಬೆಳಗಿನ ಬಸ್ಸಿಗೆ ಅವರು ಊರಿಗೆ ಹೊರಡುವವರು. ನಾನು ಬ್ಯಾಗು ತಂದು ಬಾಗಿಲ ಬಳಿ ಇಡುತ್ತಿದ್ದೆ. ಕತ್ತಲೆಯಲ್ಲಿ, ಕಲ್ಲಿನ ಗವಿಯ ಕಡೆಯಿಂದ, ಗಾಜನ್ನು ದಾಟಿ ಸ್ಪಷ್ಟವಾಗಿ ಕೇಳಿಸಿತು: ಟಕ್. ಆಮೇಲೆ ಎರಡು ಸಲ, ಟಕ್ ಟಕ್. ತಿನ್ನಲು ಏನಾದರೂ ಸಿಕ್ಕಿತೋ, ಜಾಗಕ್ಕೆ ಜಗಳವೋ. ಬೋಟಿಯಾಗಳು ಮಾತಾಡುವುದು ಹೀಗೆ.

ದಿವಾನದ ಮೇಲೆ ಚಿಕ್ಕಪ್ಪಯ್ಯ ಅರೆನಿದ್ದೆಯಲ್ಲಿ ಕೈ ಚಾಚಿ ಮರದ ಅಂಚನ್ನು ಬೆರಳಿನಿಂದ ಮೂರು ಸಲ ತಟ್ಟಿದರು.

‘ಕೃಷ್ಣ ಕೃಷ್ಣ,’ ಅಂದರು. ‘ಹಲ್ಲಿ ಲೊಚಗುಟ್ತು ಕಣಾ. ಬೆಳಗ್ಗೆ ಹೊರಡಲ, ಬೇಡ್ವ?’